ಎಳೆಯೋದು ಬೇರೆ, ಹೊರೋದು ಬೇರೆ

ಪಿಕಪ್ಪಿನ ಬಾಗಿಲಂಚಿಗೆ ಕಾಫಿ ಚೆಲ್ಲದಿದ್ದರೆ ಲುಮಿರ್ ಕುಚೆರಾ ಅಲ್ಲಿ ಅಂಟಿಸಿದ್ದ ಹಳದಿ ಚೀಟಿಯನ್ನು ಈ ಜನ್ಮದಲ್ಲಿ ಓದುತ್ತಿರಲಿಲ್ಲ. ಒರೆಸುವಾಗ ಕಣ್ಣಿಗೆ ಬಿತ್ತು: ಜನ, ಸಾಮಾನು ಎಲ್ಲ ಸೇರಿ 2,480 ಪೌಂಡ್ ಮೀರಬಾರದು.

“ಹದಿಮೂರು ಸಾವಿರ ಎಳೆಯುತ್ತೆ ಅಂದಿದ್ನಲ್ಲ ಮಾರಿದವನು!”

ಪಕ್ಕದ ಮನೆಯ ಎಲ್ಡನ್‌ಗೆ ಇಷ್ಟು ಸಾಕಾಯಿತು. “ಎಳೆಯೋದು ಬೇರೆ, ಹೊರೋದು ಬೇರೆ ಕಣೋ. ನಿನ್ನ ಈ ಮನೆಯಂಥ ಟ್ರೈಲರ್ ಹಿಂದೆ ಕೊಂಡಿಗೆ ನೇತಾಡೋದಲ್ಲ, ಪಿಕಪ್ ಬೆನ್ನ ಮೇಲೆ ಕತ್ತಿಟ್ಟು ಮಲಗೋದು. ಆ ಕತ್ತೇ ಎರಡು ಸಾವಿರ ತೂಗುತ್ತೆ. ಹಾಗೇ ಹೊರಟ್ರೆ ಇಳಿಜಾರಲ್ಲಿ ಬ್ರೇಕ್ ನಿನ್ನ ಮಾತು ಕೇಳಲ್ಲ.”

ಹೆಂಡತಿ ಆರ್ಡಿತ್ ಮೂವತ್ತೆಂಟು ಸುಗ್ಗಿ ಕಾದು ಪಡೆದ ಪ್ರವಾಸವಿದು. ಸಂಜೆ ಆರರೊಳಗೆ ಸರೋವರ ಸೇರದಿದ್ದರೆ ಟ್ರೈಲರ್ ನಿಲ್ಲಿಸಲು ಕಾದಿರಿಸಿದ ಜಾಗ ಬೇರೆಯವರ ಪಾಲು. ಮತ್ತೆ ಸಿಗುವುದು ಮುಂದಿನ ಬೇಸಿಗೆಗೇ.

ಟ್ರೈಲರ್ ಕಟ್ಟಿಕೊಂಡು ಗಂಡ-ಹೆಂಡತಿ ಕಾಳಿನ ಗೋದಾಮಿನ ತೂಕದ ಕಟ್ಟೆಗೆ ಹೋದರು; ಎಲ್ಡನ್ ತನ್ನ ಕಾರಲ್ಲಿ ಹಿಂದೆಯೇ ಬಂದ. ಪಿಕಪ್ಪನ್ನಷ್ಟೇ ಕಟ್ಟೆಯ ಮೇಲೆ ನಿಲ್ಲಿಸಿದಾಗ, ಕಚೇರಿಯ ಕಿಟಕಿಯಿಂದ ತೂಕ ನೋಡುವ ಡಾರ್ಲಾ ಕೂಗಿದಳು: “ನೂರ ನಲವತ್ತು ಪೌಂಡ್ ಹೆಚ್ಚು!”

ಹಿಂದೆ ಮೂರು ಜೋಳದ ಲಾರಿಗಳು. ಚಾಲಕರೆಲ್ಲ ಇಳಿದು ಬಂದು, ಹೆರಿಗೆ ಮನೆಯ ಮುಂದೆ ನಿಂತ ನೆಂಟರಂತೆ ಸಲಹೆ ಕೊಡತೊಡಗಿದರು. ಎಲ್ಡನ್ ಉಪಕರಣದ ಪೆಟ್ಟಿಗೆಯನ್ನು ಪಿಕಪ್ಪಿನಿಂದ ಹೊತ್ತು ಟ್ರೈಲರಿನ ಮುಂಭಾಗದ ಕಪಾಟಿಗೆ ತುರುಕಿದ. ಟ್ರೈಲರಿನ ಕತ್ತು ಪಿಕಪ್ಪಿನ ಬೆನ್ನನ್ನು ಇನ್ನಷ್ಟು ಒತ್ತಿತು.

“ನೂರ ಇಪ್ಪತ್ತು ಹೆಚ್ಚು!”

“ಬಲಗಿಸೆಯಿಂದ ಎಡಗಿಸೆಗೆ ಹಾಕಿದ್ಯಲ್ಲೋ,” ಎಂದ ಒಬ್ಬ ಚಾಲಕ.

ಲುಮಿರ್ ನಕ್ಕ. “ನಲವತ್ತು ವರ್ಷ ಇದೇ ಕಟ್ಟೆ ಮೇಲೆ ಜೋಳ ತೂಗಿದೀನಿ. ನನ್ನ ಗಾಡೀನೇ ತೂಗ್ಬೇಕು ಅಂತ ಹೊಳೀಲಿಲ್ಲ ನೋಡು, ಎಂಥಾ ಬುದ್ಧಿವಂತ ನಾನು!” ಎದೆ ಕಲ್ಲು ಮಾಡಿಕೊಂಡು ಪೆಟ್ಟಿಗೆಯನ್ನು ಡಾರ್ಲಾಳ ಕಚೇರಿಯಲ್ಲೇ ಇಳಿಸಿದ.

“ನಲವತ್ತು ಕಡಿಮೆ! ಹೊರಡಿ!”

ಚಪ್ಪಾಳೆ ಬಿತ್ತು. ಆರ್ಡಿತ್ ಗಂಡನ ಕೆನ್ನೆಗೊಂದು ಮುತ್ತು ಕೊಟ್ಟಳು.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹರಡಿತ್ತು. ಆಗಸ್ಟಿನಲ್ಲಿ ಯಾರನ್ನೂ ಬರಿಗೈಲಿ ಕಳಿಸುವ ಊರಲ್ಲ ನಮ್ಮದು. ಚರ್ಚಿನ ಹೆಂಗಸರು ನಾಲ್ಕು ಮೂಟೆ ಸಿಹಿಜೋಳ, ಉಪ್ಪಿನಕಾಯಿಯ ಜಾಡಿಗಳು, ಡಬ್ಬಿಗಟ್ಟಲೆ ಕೊಲಾಚೆ ಎಂಬ ಹಣ್ಣಿನ ಬನ್ನು ತಂದು ಹಿಂದಿನ ಸೀಟಿಗೆ ತುಂಬಿದರು. “ಬೇಡ” ಎಂದರೆ ಕೊಟ್ಟವರ ಮನೆಯ ಮದುವೆ, ಸಾವು ಎರಡಕ್ಕೂ ಮುಖ ತೋರಿಸುವಂತಿಲ್ಲ.

“ನೂರ ತೊಂಬತ್ತು ಹೆಚ್ಚು!” ಡಾರ್ಲಾಳ ದನಿಯೂ ಸೋತಿತ್ತು.

ಲುಮಿರ್ ಮೆಲ್ಲಗೆ ಹೆಂಡತಿಯ ಕಿವಿಯಲ್ಲಿ, “ಏನಾದ್ರೂ ಇಳಿಸ್ಲೇಬೇಕು ಆರ್ಡಿತ್,” ಎಂದ.

ಆರ್ಡಿತ್ ಗಡಿಯಾರ ನೋಡಿದಳು. ಜೋಳದ ಮೂಟೆ ನೋಡಿದಳು. ಮೂಟೆ ಕೊಟ್ಟು ಕಣ್ಣರಳಿಸಿ ನಿಂತವರನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

“ನೀನು ಇಳಿ.”

“ಏನು?”

“ಜೋಳ ಇಳಿಸಿದ್ರೆ ಅವರಿಗೆ ಬೇಜಾರಾಗುತ್ತೆ. ನೀನಾದ್ರೆ ನಮ್ಮೋನೇ ತಾನೆ. ನಾಳೆ ಎಲ್ಡನ್ ಕಾರಲ್ಲಿ ಬಾ.”

ಲುಮಿರ್ ಇಳಿದು ಕಟ್ಟೆಯಾಚೆ ನಿಂತ.

“ಅರವತ್ತು ಕಡಿಮೆ!” ಡಾರ್ಲಾ ಹಿಗ್ಗಿ ಕೂಗಿದಳು. ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆರ್ಡಿತ್ ಕೈಬೀಸಿ, ಟ್ರೈಲರನ್ನು ತಿರುವಿನಲ್ಲಿ ಬೆಣ್ಣೆಯಂತೆ ಜಾರಿಸಿಕೊಂಡು ಹೋದಳು. ಬಿಟ್ಟ ಬಾಯಿ ಮುಚ್ಚದೆ ಲುಮಿರ್ ಖಾಲಿಯಾದ ಕಟ್ಟೆಯ ಮೇಲೆ ಬಂದು ನೋಡುತ್ತಲೇ ನಿಂತ.

“ಲುಮಿರ್,” ಕಿಟಕಿಯಿಂದ ಡಾರ್ಲಾ ಕರೆದಳು, “ನೀನೀಗ ಕಟ್ಟೆ ಮೇಲೇ ನಿಂತಿದೀಯ. ಇನ್ನೂರ ಐವತ್ತು. ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ, ಲಾರಿಗಳು ಕಾಯ್ತಿವೆ.”