ಪಕ್ಕದ ಮಂಚದ ಗುಲಾಬಿ ಮಾತ್ರೆ

ಫೌಸ್ಟಿನನ ಹೊಟ್ಟೆ ಉರಿಯಲು ಒಂದು ಗುಲಾಬಿ ಮಾತ್ರೆ ಸಾಕಾಯಿತು.

ಪರ್ಕಳದಲ್ಲಿ ಒಂದೇ ಕಾಂಪೌಂಡ್ ಗೋಡೆಯ ಆಚೀಚೆ ಇದ್ದ ಫೌಸ್ಟಿನ್ ಮತ್ತು ಇಮ್ಯಾನುಯೆಲ್ ಈಗ ಆಸ್ಪತ್ರೆಯಲ್ಲೂ ಅಕ್ಕಪಕ್ಕದ ಮಂಚ ಹಿಡಿದಿದ್ದರು. ನಾಳೆ ಬೈಪಾಸ್. ಪಟ್ಟಿಯಲ್ಲಿ ಮೊದಲು ಫೌಸ್ಟಿನ್, ಆಮೇಲೆ ಇಮ್ಯಾನುಯೆಲ್, ಮೂರನೆಯವರು ಕಿಟಕಿ ಬದಿಯ ರಘುಪತಿ. ಬೋರ್‌ವೆಲ್, ಕಾರು, ಕೊನೆಗೆ ಎದೆನೋವು ಕೂಡ ಇಮ್ಯಾನುಯೆಲನಿಗೇ ಮೊದಲು ಬಂದಿತ್ತು. ಆಪರೇಷನ್ನಿನಲ್ಲಾದರೂ ತಾನು ಮುಂದೆ ಎಂದು ಫೌಸ್ಟಿನ್ ಊರಿಗೆಲ್ಲ ಫೋನ್ ಮಾಡಿದ್ದ. ಇಗರ್ಜಿಯ ಫಾದರ್‌ಗೆ ಹೇಳಿ ತನ್ನ ಹೆಸರಿನಲ್ಲಿ ನಾಳೆ ಬೆಳಗ್ಗಿನ ಪೂಜೆಯನ್ನೂ ಇಡಿಸಿದ್ದ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನರ್ಸ್ ಲವಿಟಾ ಇಮ್ಯಾನುಯೆಲನ ಅಂಗೈಗೆ ಗುಲಾಬಿ ಬಣ್ಣದ ಬಿ.ಪಿ. ಮಾತ್ರೆ ಹಾಕಿದಳು. ಫೌಸ್ಟಿನ್ ತಾನೂ ಕೈ ಚಾಚಿದ.

“ನಿಮ್ಮದು ಇವತ್ತಿಂದ ನಿಲ್ಲಿಸಿದ್ದಾರೆ ಅಂಕಲ್. ಆ ನಮೂನೆಯ ಮಾತ್ರೆ ತಗೊಂಡು ಆಪರೇಷನ್‌ಗೆ ಹೋದರೆ ಬಿ.ಪಿ. ತೀರಾ ಇಳಿದು ಕಿಡ್ನಿಗೆ ಪೆಟ್ಟಾಗಬಹುದು.”

“ಅವನಿಗೆ ಕಿಡ್ನಿ ಇಲ್ವಾ ಸಿಸ್ಟರ್?”

“ಅವರದ್ದು ಬೇರೆ ಮಾತ್ರೆ. ಅದನ್ನು ನಿಲ್ಲಿಸಿದರೆ ನಾಡಿ ಓಡ್ತದೆ, ನಿಲ್ಲಿಸಬಾರದು.”

“ತಿಂಡಿ ತಿಂದು ತಗೊಳ್ತೇನೆ” ಎಂದು ಇಮ್ಯಾನುಯೆಲ್ ಮಾತ್ರೆಯನ್ನು ಮುಷ್ಟಿಯಲ್ಲಿಟ್ಟುಕೊಂಡ.

ಲವಿಟಾ ಅತ್ತ ಹೋದದ್ದೇ ರಘುಪತಿಯವರ ಹೆಂಡತಿ ವೇದಾವತಿ ಇತ್ತ ಬಂದರು. “ಒಬ್ಬರಿಗೆ ಉಂಟು, ಒಬ್ಬರಿಗೆ ಇಲ್ಲ ಅಂದರೆ ಎಂತ? ಅವರಿಗೆ ಒಳಗೆ ಗುರುತಿನವರು ಇರಬೇಕು” ಎಂದು ಫೌಸ್ಟಿನನ ಕಿವಿಯಲ್ಲಿ ಪಿಸುಗುಟ್ಟಿದರು. ಅವನು ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ಮಧ್ಯಾಹ್ನ ಗಂಜಿ ತಂದ ಹೆಂಡತಿ ಅಪೊಲೋನಿಯಾಳ ಚೀಲದಲ್ಲಿ ಅವನ ಬಿ.ಪಿ. ಮಾತ್ರೆಯ ಹಳೆಯ ಡಬ್ಬಿ ಇತ್ತು. ಅವಳು ಬಟ್ಟಲು ತೊಳೆಯಲು ಹೋದಾಗ ಅವನು ಎರಡು ನುಂಗಿದ. ಪಕ್ಕದವನಿಗಿಂತ ಒಂದು ಹೆಚ್ಚೇ ಇರಲಿ! ನುಂಗಿ ಸುಮ್ಮನಿರಲೂ ಆಗಲಿಲ್ಲ.

“ನಾನೂ ತಗೊಂಡೆ ಮಾರಾಯ, ಎರಡು!”

ಇಮ್ಯಾನುಯೆಲ್ ಕೂಡಲೇ ಬೆಲ್ ಒತ್ತಿದ.

ಸಂಜೆಯ ಹೊತ್ತಿಗೆ ಫೌಸ್ಟಿನನಿಗೆ ತಲೆ ತಿರುಗುತ್ತಿತ್ತು. ಡಾಕ್ಟರು ಕೆಂಡವಾಗಿದ್ದರು. “ನಾಳೆ ನಿಮ್ಮದು ಇಲ್ಲ. ಸೋಮವಾರ ನೋಡುವ. ಮೊದಲು ಇಮ್ಯಾನುಯೆಲ್.”

“ನಿಮಗೆ ಎಂತ ಹುಚ್ಚಾ?” ಎಂದು ಅಪೊಲೋನಿಯಾ ಹಣೆ ಚಚ್ಚಿಕೊಂಡಳು. ಫೌಸ್ಟಿನ್ ಗೋಡೆಗೆ ಮುಖ ಮಾಡಿ ಅತ್ತೇ ಬಿಟ್ಟ.

ಅಷ್ಟರಲ್ಲಿ ಇಮ್ಯಾನುಯೆಲನ ನಾಡಿ ನೋಡಿ ದಿಂಬು ಸರಿ ಮಾಡುತ್ತಿದ್ದ ಲವಿಟಾ ಕೂಗಿದಳು. “ಗುಲಾಬಿ ಮಾತ್ರೆ ಇಲ್ಲೇ ಉಂಟಲ್ಲ ಅಂಕಲ್! ಅದಕ್ಕೇ ನಿಮ್ಮ ನಾಡಿ ಹೀಗೆ ಓಡುವುದು!”

ಇಮ್ಯಾನುಯೆಲ್ ತಲೆ ತಗ್ಗಿಸಿದ. “ಅವನ ಕಿಡ್ನಿಗೆ ಮಾತ್ರ ಅಷ್ಟು ಜಾಗ್ರತೆ ಮಾಡ್ತೀರಿ. ನನಗೆ ಕಿಡ್ನಿ ಇಲ್ವಾ? ವೇದಾವತಿಯವರೂ ಅದನ್ನೇ ಹೇಳಿದರು.”

“ನೀವೂ ಸೋಮವಾರ” ಎಂದರು ಡಾಕ್ಟರು. “ನಾಳೆ ಮೊದಲು ರಘುಪತಿ. ಅವರೊಬ್ಬರು ಕೊಟ್ಟದ್ದನ್ನು ನುಂಗಿದ್ದಾರೆ.”

ವೇದಾವತಿ ಮೆಲ್ಲನೆ ಫೌಸ್ಟಿನನ ಮಂಚದ ಬಳಿ ಬಂದರು.

“ಬೇಸರ ಮಾಡಬೇಡಿ. ನಾಳೆ ಹೇಗೂ ಇಗರ್ಜಿಯಲ್ಲಿ ಪೂಜೆ ಉಂಟಲ್ವಾ? ಫಾದರ್‌ಗೆ ಒಂದು ಫೋನ್ ಮಾಡಿ, ನಿಮ್ಮ ಹೆಸರು ತೆಗೆದು ನಮ್ಮ ಇವರದ್ದು ಹಾಕಿಸಲಿಕ್ಕೆ ಆಗ್ತದಾ?”