ಇಬ್ಬರಿಗೊಂದೇ ಗೇಟ್ ಪಾಸ್

ನನ್ನ ಭಾವನ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ಬಗೆಯ ವಸ್ತುಗಳು. ವಾಪಸ್ ಬರುವಂಥವು, ವಾಪಸ್ ಬಾರದಂಥವು! ಗಂಡು-ಹೆಣ್ಣು, ಬಡವ-ಬಲ್ಲಿದ ಎಂಬ ಭೇದಗಳೆಲ್ಲ ಅವರಿಗೆ ಆಮೇಲಿನವು. ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಇಪ್ಪತ್ತು ವರ್ಷ ಗೇಟ್ ಪಾಸ್ ಬರೆದ ಮನುಷ್ಯ ಇನ್ನು ಹೇಗೆ ಯೋಚಿಸಿಯಾರು? ಅಲ್ಲಿ ಒಂದು ಸ್ಪ್ಯಾನರ್ ಗೇಟು ದಾಟಬೇಕಾದರೂ ಪಾಸು ಬೇಕು. ಕಾರ್ಬನ್ ಇಟ್ಟು ಮೂರು ಪ್ರತಿ: ಬಿಳಿ ಹಾಳೆ ಗೇಟಿಗೆ, ಹಳದಿ ಸ್ಟೋರ್ಸಿಗೆ, ಗುಲಾಬಿ ವಸ್ತುವಿನ ಒಡೆಯರಿಗೆ. ಹೋದದ್ದು ಬಂದ ಮೇಲೆ ಸಹಿ ಹಾಕಿ ಪಾಸು 'ಕ್ಲೋಸ್' ಮಾಡಬೇಕು. ಅಲ್ಲಿಯವರೆಗೆ ಭಾವನಿಗೆ ಊಟ ಸೇರುವುದಿಲ್ಲ.

ಮನೆಯಲ್ಲೂ ಇದೇ ಪಾಡು. ಪಕ್ಕದ ಮನೆಯಾಕೆ ಇಡ್ಲಿ ಪಾತ್ರೆ ಕೇಳಲು ಬಂದರೆ ಅಕ್ಕ ಒಳಗಿನಿಂದ ತರುವಷ್ಟರಲ್ಲಿ ಭಾವ ಚೀಟಿ ಬರೆದು ಮುಗಿಸಿರುತ್ತಿದ್ದರು. "ತಟ್ಟೆ ನಾಲ್ಕು, ಮುಚ್ಚಳ ಒಂದು. ಇಲ್ಲೊಂದು ಸೈನ್ ಮಾಡಿ ಮೇಡಂ." ಆಕೆ ಇಡ್ಲಿಯ ಆಸೆಯನ್ನೇ ಬಿಟ್ಟು ಕಾಯಂ ದೋಸೆಗೆ ಇಳಿದುಬಿಟ್ಟರು!

ಒಂಬತ್ತನೇ ವಯಸ್ಸಿಗೆ ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡು ನಾನು ಅಕ್ಕ-ಭಾವನ ಮನೆ ಸೇರಿದೆ. ಶಾಲೆಗೆ ಹೊರಟರೆ ಮನೆ ಗೇಟಿನಲ್ಲಿ ತಪಾಸಣೆ: ಚೀಲ ಒಂದು, ಡಬ್ಬಿ ಒಂದು, ಚಪ್ಪಲಿ ಎರಡು. ಒಂದು ಸಂಜೆ ಒಂದೇ ಚಪ್ಪಲಿಯಲ್ಲಿ ಬಂದೆ ನೋಡಿ, ಭಾವ ಚಹಾ ಅಲ್ಲೇ ಬಿಟ್ಟು ಶಾಲೆಯವರೆಗೂ ಚರಂಡಿ ಇಣುಕುತ್ತ ಹೋದರು. ತಂದದ್ದು ಇನ್ನ್ಯಾರದೋ ಚಪ್ಪಲಿ!

ತೊಂಬತ್ತರ ದಶಕದ ಕೊನೆಯ ವೇಳೆಗೆ ನಾನೂ ಅದೇ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದೆ. ಹೊಸ ಯಂತ್ರವೊಂದನ್ನು ಕಲಿಯಲು ನನ್ನನ್ನೂ, ಅದರ ಬಿಡಿಭಾಗಗಳ ಪಟ್ಟಿ ಮಾಡಲು ಭಾವನನ್ನೂ ಆರು ತಿಂಗಳು ಜರ್ಮನಿಗೆ ಕಳಿಸಿದರು. ಹೊರಡುವಾಗ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಭಾವ ಸುಮ್‌ಸುಮ್ನೆ ದಿಗಿಲು ಬೀಳ್ತಾರೆ ಕಣೋ. ನೀನೇ ಹುಷಾರಾಗಿ ವಾಪಸ್ ಕರ್ಕೊಂಡ್ ಬಾ" ಎಂದಳು. ಅಲ್ಲಿಗೆ ಯಾರು ಯಾರ ಜವಾಬ್ದಾರಿ ಎಂಬುದು ಇತ್ಯರ್ಥವಾಯಿತು ಎಂದುಕೊಂಡೆ.

ಬೇರೆಯವರು ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ತಂದರೆ ಭಾವ ಗೇಟ್ ಪಾಸ್ ಪುಸ್ತಕ ತಂದಿದ್ದರು. ಆ ಪುಸ್ತಕ ಹೊರಗೆ ತರಲು ಅದಕ್ಕೂ ಒಂದು ಪಾಸು ಮಾಡಿಸಿದ್ದರು!

ನಾವಿದ್ದ ಊರಿನ ಅಂಚಿನಲ್ಲೊಂದು ನದಿ. ಸೇತುವೆ ದಾಟಿದರೆ ಫ್ರಾನ್ಸ್. ಒಂದು ಶನಿವಾರ ಬೆಳಗ್ಗೆ ಹೋಗಿ ಸಂಜೆ ಬರೋಣವೆಂದೆ. ಭಾವ ವಾರವಿಡೀ ನಿದ್ದೆಗೆಟ್ಟರು. ನಮ್ಮ ವೀಸಾಕ್ಕೆ ಅಡ್ಡಿಯಿಲ್ಲವೆಂದು ಕಾರ್ಖಾನೆಯ ಮೂವರಲ್ಲಿ ವಿಚಾರಿಸಿದರು. ಕೊನೆಗೆ ಹೊರಟೆವು, ದಾರಿಯಲ್ಲಿ ಅಂಚೆ ಡಬ್ಬಿಗೆ ಅವರೇನೋ ಕಾಗದ ಹಾಕಿದರು. ಸೇತುವೆ ಬಂತು. ಪೊಲೀಸರಿಲ್ಲ, ಸುಂಕದ ಕಟ್ಟೆಯಿಲ್ಲ, ಮುದ್ರೆಯಿಲ್ಲ! ನಾಯಿ ಹಿಡಿದ ಒಬ್ಬ ಅಜ್ಜಿ ಮಾತ್ರ.

"ಗೇಟಲ್ಲಿ ಯಾರೂ ಇಲ್ವಲ್ಲೋ!" ಭಾವನ ಮುಖ ಬಿಳಿಚಿತು. "ಹೋಗಿದ್ದನ್ನೇ ಯಾರೂ ನೋಡ್ಲಿಲ್ಲ ಅಂದ್ರೆ ಬಂದಿದ್ದನ್ನ ಯಾರೋ ನಂಬ್ತಾರೆ?"

"ಭಾವ, ಇದು ಪೀಣ್ಯ ಸೆಕೆಂಡ್ ಸ್ಟೇಜ್ ಅಲ್ಲ!"

"ಅದೇ ಭಯ ಕಣೋ ನಂಗೆ."

ಅಲ್ಲೇ ಕೈಗಂಬಿಯ ಮೇಲೆ ಪುಸ್ತಕವಿಟ್ಟು ಮೊದಲೇ ಬರೆದಿಟ್ಟ ಪಾಸಿಗೆ ಹೊರಟ ವೇಳೆ ತುಂಬಿದರು. ವಾಪಸಾತಿ: ಸಂಜೆ ಐದು. ಆಚೆ ದಡ ಸೇರಿದವರು ಸೇತುವೆ ಕಾಣುವ ಬೆಂಚು ಬಿಟ್ಟು ಕದಲಲಿಲ್ಲ. ಚಪಾತಿ, ಚಟ್ನಿಪುಡಿ ಬಿಚ್ಚಿ ಕೂತು, "ನೀನು ನೋಡ್ಕೊಂಡ್ ಬಾ, ನಾನು ಗೇಟ್ ನೋಡ್ಕೋತೀನಿ" ಎಂದರು. ಫ್ರಾನ್ಸಿನಲ್ಲಿ ಭಾವ ಕಂಡದ್ದು ಇಷ್ಟೇ, ಜರ್ಮನಿಯ ದಡ!

ನಾನು ಊರು ಸುತ್ತಿದೆ. ಬೆಣ್ಣೆ ಸುರಿವ ಬನ್ನು ತಿಂದೆ. ಆಮೇಲೆ ಬಹಳ ಗತ್ತಿನಿಂದ ತಪ್ಪು ಬಸ್ಸು ಹತ್ತಿದೆ. ಅದು ಹೊಲಗಳ ನಡುವೆ ಎಲ್ಲೋ ಇಳಿಸಿತು. ಭಾಷೆ ಬಾರದು, ಆಗೆಲ್ಲ ಮೊಬೈಲೆಲ್ಲಿ? ಗಡಿಯಾರ ಐದು ದಾಟಿತು. ಈ ಮನುಷ್ಯ ಒಬ್ಬರೇ ಹೆದರಿ ಏನಾದರೂ ಮಾಡಿಕೊಂಡರೆ ಅಕ್ಕನಿಗೆ ಯಾವ ಮುಖ ತೋರಿಸಲಿ?

ಸೇತುವೆ ತಲುಪಿದಾಗ ಏಳೂವರೆ. ಬೆಂಚು ಖಾಲಿ! ಓಡಿದೆ. ಸೇತುವೆಯ ನಟ್ಟನಡುವೆ ನಾಲ್ಕೈದು ಜನ ಗುಂಪುಗೂಡಿದ್ದರು. ನಡುವೆ ಭಾವ. ಬೆಳಗಿನ ಅಜ್ಜಿಗೆ ಪಾಸು ತೋರಿಸುತ್ತ ಹೇಳುತ್ತಿದ್ದರು, "ಟು ಪೀಸ್ ಔಟ್, ಮೇಡಂ. ಒನ್ ಪೀಸ್ ಮಿಸ್ಸಿಂಗ್!"

ನಗು ಬಂತು, ಸಿಟ್ಟೂ ಬಂತು. "ಈ ಚಳಿಯಲ್ಲಿ ನಿಲ್ಲೋ ಬದ್ಲು ರೂಮಿಗೆ ಹೋಗ್ಬಾರ್ದಿತ್ತಾ?"

"ಎರಡು ಹೊರಗೆ ಹೋಗಿದೆ. ಒಂದೇ ಒಳಗೆ ಬಂದ್ರೆ ಪಾಸ್ ಹೆಂಗೋ ಕ್ಲೋಸ್ ಮಾಡ್ಲಿ?" ಎಂದವರೇ ನನ್ನ ಎರಡೂ ಕಾಲು ನೋಡಿದರು. ಬೂಟು ಎರಡೂ ಇದ್ದವು. ಆಮೇಲೆ ಸಹಿ ಹಾಕಿದರು. ಪೆನ್ನು ಎಷ್ಟು ಒತ್ತಿದರೆಂದರೆ ಹಾಳೆ ಹರಿಯಿತು. ತಡವಾದ ಸಿಟ್ಟಿಗೆ ಇರಬೇಕು ಎಂದುಕೊಂಡೆ, ಮಂಕುದಿಣ್ಣೆ ನಾನು.

ಎರಡು ತಿಂಗಳ ನಂತರ ಪೀಣ್ಯದ ಮನೆ ಮುಂದೆ ಟ್ಯಾಕ್ಸಿ ಇಳಿದೆವು. ಅಕ್ಕ ಗೇಟಿಗೆ ಅಡ್ಡ ನಿಂತಳು. "ನಿಲ್ರೀ, ಚೆಕ್ ಮಾಡ್ದೆ ಒಳಗೆ ಬಿಡಲ್ಲ" ಎಂದು ಸೆರಗಿನಿಂದ ಗುಲಾಬಿ ಹಾಳೆ ತೆಗೆದಳು. ಅಂದು ಅಂಚೆಗೆ ಬಿದ್ದದ್ದು ಇದೇ! ಮಡಿಸಿ ಮಡಿಸಿ ಮಡಿಕೆಯೆಲ್ಲ ಸವೆದಿತ್ತು. ನಾನು ಗೇಲಿ ಮಾಡಲೆಂದೇ ಕಸಿದುಕೊಂಡು ಗಟ್ಟಿಯಾಗಿ ಓದಿದೆ.

"ಒಂದು: ಹೆಂಡತಿಯ ತಮ್ಮ. ಸ್ಥಿತಿ: ಉತ್ತಮ. ಎರಡು: ಗಂಡ. ಸ್ಥಿತಿ: ಹಳೆಯದು, ಓಡುತ್ತದೆ."

ಎಲ್ಲರೂ ನಕ್ಕೆವು. ಕೆಳಗೆ ಇನ್ನೊಂದು ಸಾಲಿತ್ತು. ಅದು ಮಾತ್ರ ಕಾರ್ಬನ್ ಅಕ್ಷರವಲ್ಲ. ಬೇರೆ ಪ್ರತಿಗಳಲ್ಲಿ ಬೀಳದಂತೆ ಆಮೇಲೆ ಪೆನ್ನಿನಲ್ಲಿ ಬರೆದದ್ದು. ಅದನ್ನು ಮನಸ್ಸಿನಲ್ಲೇ ಓದಿಕೊಂಡೆ.

"ಒಂದನೆಯದು ವಾಪಸ್ ಬಾರದಿದ್ದಲ್ಲಿ ಎರಡನೆಯದಕ್ಕೂ ಕಾಯಬೇಡ."

"ಸೈನ್ ಮಾಡೇ, ಪಾಸ್ ಕ್ಲೋಸ್ ಆಗ್ಲಿ" ಎನ್ನುತ್ತಿದ್ದರು ಭಾವ, ಪೆಟ್ಟಿಗೆಗಳನ್ನು ಎಣಿಸುತ್ತಾ. ಅಕ್ಕ ಪೆನ್ನಿಗೆ ಕೈ ಚಾಚಿದಳು. ನಾನು ಜೇಬೆಲ್ಲ ತಡಕಿದೆ. ಕಣ್ಣು ತುಂಬಿ ಬಂದು, ಎದೆಯ ಮೇಲೇ ಸಿಕ್ಕಿಸಿಕೊಂಡಿದ್ದ ಪೆನ್ನು ನನಗೆ ಕಾಣಲಿಲ್ಲ.