ಮಸ್ಕಿಯ ಎದಿಬಡಿತ, ಸಿಂಧನೂರಿನ ಫೋನು

ನಗಬಾರದ ಜಾಗದಾಗ ನಗು ಬರೋದು ನನ್ನ ಜನ್ಮಕ್ಕಂಟಿದ ಚಾಳಿ. ಅದಕ್ಕೇ ಏನೋ, ಇಂಥವೆಲ್ಲ ನಮ್ಮನಿನೇ ಹುಡುಕ್ಕೊಂಡು ಬರ್ತಾವ. ಅಣ್ಣನಿಗೆ ಎದಿನೋವು ಬಂದು, ಸಿಂಧನೂರಿನ ದವಾಖಾನಿಯಾಗ ಮಲಗಿ ಎದ್ದ ಮ್ಯಾಲೆ, ಡಾಕ್ಟರು ಅವನ ಮುಂಗೈಗೆ ಒಂದು ಪಟ್ಟಿ ಕಟ್ಟಿ ಮಸ್ಕಿಗೆ ಕಳಿಸಿದರು. ನೋಡಾಕ ಗಡಿಯಾರ, ಟೈಮು ಮಾತ್ರ ತೋರಿಸಂಗಿಲ್ಲ. ಎದಿಬಡಿತ ಎಣಿಸಿ ಸಿಂಧನೂರಿಗೆ ಚಾಡಿ ಹೇಳ್ತದ. ಏನರೆ ಹೆಚ್ಚುಕಮ್ಮಿ ಆತಂದ್ರ ಅಲ್ಲಿಂದ ನರ್ಸಮ್ಮನ ಫೋನು.

೧. ಯಾರು ಹೋದ್ರು?

ಅಣ್ಣನಿಗೆ ತಂಬಾಕು ಬಂದ್. ಪಟ್ಟಿಯೊಳಗ ಕ್ಯಾಮೆರಾ ಐತಿ ಅಂತ ನಾನೇ ಅವನ ಕಿವಿಯಾಗ ಊದಿದ್ದೆ. ಹಂಗಾಗಿ ಒಂದು ಮಧ್ಯಾಹ್ನ ಪಟ್ಟಿ ಬಿಚ್ಚಿ ದಿಂಬಿನ ಕೆಳಗಿಟ್ಟು ಹಿತ್ತಲಕ್ಕೆ ಹೋದ. ನರ್ಸಮ್ಮ ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಫೋನ್ ಹಚ್ಚಿದಳು: "ಅಕ್ಕಾರ, ಪೇಷಂಟ್ ನಾಡಿ ಸಿಗವಲ್ದು!" ವೈನಿ ಎದಿ ಬಡ್ಕೊಂಡು ಅಳಾಕ ಹತ್ತಿದಳು. ಓಣಿ ಮಂದಿ ಕೂಡಿತು. ಬಾಯಿತುಂಬ ತಂಬಾಕು ಇಟ್ಕೊಂಡ ಅಣ್ಣ ಹಿತ್ತಲದಿಂದ ಓಡಿ ಬಂದು, ಮಂದಿ ನಡುವೆ ತೂರಿ, ಗಾಬರಿಯಿಂದ ಕೇಳಿದ: "ಯಾರು ಹೋದ್ರಬೇ?"

೨. ಢವಢವ

ಅವತ್ತಿಂದ ಫೋನಿನ ಸದ್ದು ಕೇಳಿದರೆ ಅಣ್ಣನ ಎದಿ ಢವಢವ. ಎದಿ ಢವಢವ ಅಂದರೆ ಸಿಂಧನೂರಿಂದ ಫೋನು. ಫೋನು ಬಂದರೆ ಮತ್ತೀಟು ಢವಢವ, ಮತ್ತೊಂದು ಫೋನು. ಅಣ್ಣ ಬೆವತು ಹಾಸಿಗಿ ತೊಯ್ಸಿದ. ಕಡೀಕ ವೈನಿ ಫೋನ್ ಕಸ್ಕೊಂಡಳು: "ಯವ್ವಾ ತಾಯಿ, ನೀ ಒಂದೀಟು ಸುಮ್ಮಕಿದ್ರ ನಮ್ಮ ಮನ್ಯಾರು ಬದಕ್ತಾರ!"

೩. ಅವಾಗ ಯಾರ ಕೈಯಾಗಿತ್ತು?

ಜಡ್ಡಿನವರನ್ನ ಮಾತಾಡಿಸಾಕ ಬಂದವರು ಬ್ರೆಡ್ಡು ಇಟ್ಟು ಸುಮ್ಮನೆ ಹೋಗೋ ಪದ್ಧತಿ ನಮ್ಮಲ್ಲಿಲ್ಲ. ಲಿಂಗಸುಗೂರಿನಿಂದ ಅಕ್ಕನ ಗಂಡ ಮಾಮಾ, ಸಂತೆಕಲ್ಲೂರಿನಿಂದ ದೊಡ್ಡವ್ವ ಬಂದಿದ್ದರು. "ಇಷ್ಟಕ್ಕ ಅಂಜತೀಯಲ್ಲಲೇ! ತಾ ಇಲ್ಲಿ" ಅಂತ ಮಾಮಾ ಪಟ್ಟಿ ಬಿಚ್ಚಿಸಿ ತಾನು ಕಟ್ಟಿಕೊಂಡ. ಆಮೇಲೆ ದೊಡ್ಡವ್ವ, ವೈನಿ, ನಾನು. ಮಂಡಾಳ ಒಗ್ಗರಣಿ ತಿನ್ನುತ್ತಾ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದ್ದೇ ದಾಟಿಸಿದ್ದು.

ಫೋನು ಬಂತು. ಈ ಸಲ ನರ್ಸಮ್ಮನ ದನಿಯೇ ಬ್ಯಾರೆ. "ಅಕ್ಕಾರ, ಈಗ ಸ್ವಲ್ಪ ಹೊತ್ತಿನ ಹಿಂದ ನಾಡಿ ಪೂರಾ ತಾಳ ತಪ್ಪಿತ್ತು. ತಡ ಮಾಡಿದ್ರ ಜೀವಕ್ಕ ಅಪಾಯ ಅಂದಾರ ಡಾಕ್ಟರು. ಈಗಿಂದೀಗ ಕರ್ಕೊಂಡು ಬರ್ರಿ."

ಅಣ್ಣ ಬರಿಗೈ ಎತ್ತಿ ತೋರಿಸಿದ. "ಅದು ನಂದಲ್ಲ!" ಜಡ್ಡು ಬಂದಾಗಿನಿಂದ ಅವನ ಮಾರಿಯಾಗ ನಗು ಕಂಡದ್ದು ಅವಾಗಲೇ.

ಹಂಗಾದ್ರ ಯಾರದು? ನಮ್ಮೊಳಗೊಬ್ಬರ ಎದಿ ಕೈಕೊಡಾಕ ನಿಂತೈತಿ, ಯಾರದಂತ ಗೊತ್ತಿಲ್ಲ. ಎಲ್ಲರ ಕೈಯೂ ತಂತಮ್ಮ ಎದಿಮ್ಯಾಲೆ. "ನಂಗ ಮುಂಜಾನಿಂದ ಎಡಗೈ ಜೋಮು ಹಿಡದೈತೆಪಾ" ಅಂದಳು ದೊಡ್ಡವ್ವ. "ನಂಗ ಎರಡೂ ಕೈ!" ಅಂದ ಮಾಮಾ. ನಾನೇನೂ ಅಂಜಲಿಲ್ಲ, ಮಂಡಾಳದ ತಾಟು ಕೆಳಗಿಟ್ಟು ಮನಿದೇವರಿಗೆ ಹರಕಿ ಹೊತ್ತೆ, ಅಷ್ಟೇ.

ವೈನಿ ಫೋನಿನಾಗ ನಡೆದದ್ದೆಲ್ಲ ಹೇಳಿದಳು. "ಒಬ್ಬೊಬ್ಬರಾಗಿ ಮತ್ತ ಕಟ್ಕೊಳ್ರಿ, ನಾ ಲೈನ್ ಮ್ಯಾಲೇ ಇರ್ತೀನಿ" ಅಂದಳು ನರ್ಸಮ್ಮ. ಮಂಚದ ಮ್ಯಾಲೆ ಬಿದ್ದಿದ್ದ ಪಟ್ಟಿಯನ್ನ ಯಾರೂ ಮುಟ್ಟಲಿಲ್ಲ. ಮಾಮಾ ಕೈಗಳನ್ನ ಕಂಕುಳಾಗ ಇಟ್ಕೊಂಡು, "ಮೊದಲ ಹೆಣ್ಮಕ್ಕಳದಾಗಲಿ" ಅಂದ. ಅಣ್ಣನೇ ಎದ್ದು ಕಟ್ಟಿದ. ವೈನಿದು ಸರಿ. ದೊಡ್ಡವ್ವಂದು ಸರಿ. ಮಾಮಾ ಕಣ್ಣು ಮುಚ್ಚಿ ಶಿವಶಿವಾ ಅಂತ ಕೈ ಚಾಚಿದ; ಅವನದೂ ಸರಿ.

"ಇನ್ನ ಯಾರರೆ ಅದಾರೇನ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ ನನ್ನ ಕೈಗೆ ಪಟ್ಟಿ ಕಟ್ಟಿದ. ಫೋನಿನೊಳಗ ನರ್ಸಮ್ಮ ಡಾಕ್ಟರನ್ನ ಕೂಗಿ ಕರೆದದ್ದು ಕೇಳಿಸಿತು.

"ತಾಳ ತಪ್ಪಿದ್ದು ಇವರದ ನೋಡ್ರಿ. ನಡಿಸಬ್ಯಾಡ್ರಿ, ಗಾಡಿಯಾಗ ಮಲಗಿಸ್ಕೊಂಡು ಬರ್ರಿ."

ಒಬ್ಬರಾದರೂ ಅಳಬಹುದು ಅಂತ ನಾನು ಸುತ್ತ ನೋಡಿದೆ. ಎಲ್ಲರ ಕೈಗಳೂ ಎದಿಮ್ಯಾಲಿಂದ ಇಳಿದಿದ್ದವು. ದೊಡ್ಡವ್ವನ ಜೋಮೂ ಇಳಿದಿತ್ತು. ಮಾಮಾ ದೊಡ್ಡದೊಂದು ಉಸಿರು ಬಿಟ್ಟು ಮ್ಯಾಲೆ ಕೈಮುಗಿದ:

"ಅಬ್ಬಾ, ದೇವರು ದೊಡ್ಡಾಂವ! ಎಲ್ಲಾರೂ ಪಾರಾದ್ವಿ!"